ಚಕ್ಕುಬಂದಿಯೊಳಗಿನ ಕೋಣೆ

ಆ ಮನೆಯ ಕಾಗದಪತ್ರಗಳಲ್ಲಿ ಒಂದೇ ಒಂದು ಕೊರತೆ ಇರಲಿಲ್ಲ. ನನ್ನ ಆತಂಕ ಶುರುವಾದದ್ದೇ ಅಲ್ಲಿಂದ. ಬಳ್ಳಾರಿಯಲ್ಲಿ ಆಸ್ತಿಯ ಹಕ್ಕು ಪರಿಶೀಲಿಸುವ ವಕೀಲಿ ನನ್ನದು. ಮನೆ ಕೊಳ್ಳುವವರು ಖುಷಿಯಲ್ಲಿ ತೇಲುತ್ತಿರುವಾಗ ಪಕ್ಕದಲ್ಲಿ ನಿಂತು ಹೆದರುವುದಕ್ಕೆ ನನಗೆ ಫೀಸು ಕೊಡುತ್ತಾರೆ. ಸ್ವಭಾವಕ್ಕೆ ತಕ್ಕ ಕೆಲಸವೇ ಅನ್ನಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಕೋರ್ಟಿನ ಗೇಟಿನಿಂದ ಮನೆಗೆ ವಾಪಸು ಓಡಿದವಳು ನಾನು.

ಕೊಳ್ಳುವವಳು ಮಸ್ಕತ್ತಿನಲ್ಲಿ ನರ್ಸು, ಸಿರುಗುಪ್ಪದ ಕಡೆಯವಳು. ಒಂದಲ್ಲ ಒಂದು ದಿನ ಬಳ್ಳಾರಿಗೆ ಬಂದು ಸ್ವಂತ ಮನೆಯಲ್ಲಿ ಇರಬೇಕೆಂದು ಆಸೆ. ಕೌಲ್ ಬಜಾರಿನಲ್ಲಿ ಒಂದು ಮನೆ ನೋಡಿದ್ದಳು. ನೋಡಿದ್ದೆಂದರೆ, ದಲ್ಲಾಳಿ ಮೊಬೈಲಿನಲ್ಲಿ ಕಳಿಸಿದ ವಿಡಿಯೋದಲ್ಲಿ. ಮೊದಲ ಸಲ ಫೋನ್ ಮಾಡಿದಾಗಲೇ ಆಕೆ ಕೇಳಿದ್ದು ವಿಮೆಯ ಬಗ್ಗೆ.

"ಅಕ್ಕಾರ, ಇಲ್ಲಿ ನನ್ನ ಜೋಡಿ ಕೆಲಸ ಮಾಡೋ ಹೊರದೇಶದಾಕಿ ಹೇಳಿದ್ಲು. ಮನಿಗೆ ಬೆಂಕಿ ಬಿದ್ರ ಒಂದು ಇನ್ಶೂರೆನ್ಸ್, ಮನಿ ನಿಂದಲ್ಲ ಅಂತ ಯಾರರ ಬಂದು ನಿಂತ್ರ ಇನ್ನೊಂದು ಇನ್ಶೂರೆನ್ಸ್ ಇರತೈತಂತ. ನಮ್ಮ ಕಡೆ ಅಂಥಾದ್ದು ಸಿಗತೈತೇನ್ರಿ?"

ಸಿಗುತ್ತದೆ, ಆದರೆ ಹುಡುಕಬೇಕು. ನಮ್ಮ ಜನಕ್ಕೆ ಬೈಕಿನ ವಿಮೆ ಗೊತ್ತು, ಬೆಳೆಯ ವಿಮೆ ಗೊತ್ತು. ಮನೆಯ ಹಕ್ಕಿಗೂ ವಿಮೆ ಮಾಡಿಸುತ್ತಾರೆ ಎಂದರೆ, "ಹಂಗಾರ ವಕೀಲರು ಯಾಕ ಇರ್ತೀರಿ?" ಎಂದು ನನ್ನನ್ನೇ ಕೇಳುತ್ತಾರೆ. ಹೊರದೇಶದಲ್ಲಿ ದುಡಿಯುವವರಿಗಾಗಿ ಎರಡೂ ವಿಮೆಗಳನ್ನು ಒಟ್ಟಿಗೆ ಮಾಡಿಕೊಡುವ ಕಂಪನಿಯೊಂದು ಬೆಂಗಳೂರಿನಲ್ಲಿತ್ತು. ಅವರಿಗೆ ಬೇಕಾದದ್ದು ಸ್ಥಳೀಯ ವಕೀಲರ ಪರಿಶೀಲನಾ ವರದಿ. ವರದಿಯಲ್ಲಿ "ಹಕ್ಕು ನಿರ್ಮಲ" ಎಂದಿದ್ದರೆ ಪಾಲಿಸಿ ಬರುತ್ತದೆ. ಆ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಆಕೆಗೆ ಆ ಮನೆಯೇ ಯಾಕೆ ಬೇಕಿತ್ತು ಎಂಬುದನ್ನೂ ಹೇಳಬೇಕು. ಅದಕ್ಕೆ ಮುಂಚೆ ಬೇರೆ ಬಡಾವಣೆಗಳಲ್ಲಿ ಮಾತಾಡಿದ್ದಳು. ಮಾತುಕತೆ ಮುಗಿಯುವ ಹೊತ್ತಿಗೆ ಮಾರುವವರು ನಯವಾಗಿ ಮನೆತನ ವಿಚಾರಿಸುತ್ತಿದ್ದರು. "ನಾವು ಬೌದ್ಧರು" ಎಂದು ಆಕೆ ಹೇಳುತ್ತಿದ್ದಳು. ಮರುದಿನ ಅವರ ಅಳಿಯನಿಗೋ ಮಗಳಿಗೋ ಆ ಮನೆ ಇದ್ದಕ್ಕಿದ್ದಂತೆ ಬೇಕಾಗಿಬಿಡುತ್ತಿತ್ತು. "ಈ ಕೌಲ್ ಬಜಾರದ ಅಣ್ಣಾರು ಒಂದ ಕೇಳಿದ್ರರೀ ಅಕ್ಕಾರ. ಯಾವಾಗ ಬರ್ತೀಯವ್ವಾ ಅಂದ್ರು. ಅಷ್ಟ." ಇದನ್ನು ಹೇಳುವಾಗ ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಈ ಮನೆ ಕೈತಪ್ಪಿದರೆ ಆಕೆ ಮತ್ತೆ ಅದೇ ಪ್ರಶ್ನೆಗಳ ಮುಂದೆ ನಿಲ್ಲಬೇಕಿತ್ತು.

ಮಾರುವವರು ಅಣ್ಣತಂಗಿಯರಲ್ಲಿ ಅಣ್ಣ, ಮಧ್ಯವಯಸ್ಸು ದಾಟಿದವರು. ಕುರುಗೋಡಿನಲ್ಲಿ ಗುಂಡಿ, ಜಿಪ್ಪು, ದಾರ, ಹೊಲಿಗೆಯ ಸಾಮಾನು ಮಾರುವ ಅಂಗಡಿ ಇಟ್ಟು ಸಂಸಾರವನ್ನೂ ಅಲ್ಲಿಗೇ ಸಾಗಿಸಿದ್ದರು. ಅವರು ತಂದುಕೊಟ್ಟ ಕಾಗದಗಳನ್ನು ನಾನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಅಜ್ಜನ ಕಾಲದ ಕ್ರಯಪತ್ರ ತೆಲುಗಿನಲ್ಲಿತ್ತು. ಮದ್ರಾಸಿನವರ ಆಳ್ವಿಕೆಯ ಕಾಲದ್ದು. ನಮ್ಮೂರಲ್ಲಿ ಅದೇನು ಹೊಸದಲ್ಲ, ಓದಿಕೊಂಡೆ. ಸಾಲ, ಅಡಮಾನ ಏನೂ ಇಲ್ಲವೆಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ಹೇಳುತ್ತಿತ್ತು. ಪಾಲಿಕೆಯ ಖಾತೆ ಅಜ್ಜನಿಂದ ತಂದೆಗೆ, ತಂದೆಯಿಂದ ಮಗನಿಗೆ ಸರಿಯಾಗಿ ಇಳಿದು ಬಂದಿತ್ತು. ವಾರಸುದಾರರು ಇಬ್ಬರೇ, ಅಣ್ಣ ಮತ್ತು ತಂಗಿ. ತಂದೆ ತೀರಿದ ಮೇಲೆ ತಂಗಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳ ಸಹಿ ಇಲ್ಲದೆ ಎಷ್ಟು ಮನೆಗಳು ಮಾರಾಟವಾಗಿ ಕೋರ್ಟು ಹತ್ತಿವೆಯೋ ಲೆಕ್ಕವಿಲ್ಲ. ಇಲ್ಲಿ ಅದೂ ಇತ್ತು. ಅದಕ್ಕೇ ನನಗೆ ಕಸಿವಿಸಿ. ಸೊಪ್ಪು ಸೋಸುವಾಗ ಒಂದೂ ಹುಳ ಸಿಗದಿದ್ದರೆ ನಾನು ಮತ್ತೊಮ್ಮೆ ಸೋಸುತ್ತೇನೆ.

ಸ್ಥಳ ನೋಡದೆ ಸಹಿ ಹಾಕುವುದಿಲ್ಲ ಎಂದೆ. ಅಣ್ಣ ಕುರುಗೋಡಿನಿಂದ ಬಂದರು. ಕೌಲ್ ಬಜಾರಿನ ಗಲ್ಲಿಗೆ ಆಟೋ ಹೋಗುವುದೇ ಒಂದು ಸಾಹಸ. ಒಂದು ಕಡೆ ವೆಲ್ಡಿಂಗ್ ಕಿಡಿ, ಇನ್ನೊಂದು ಕಡೆ ಜೀನ್ಸ್ ಪ್ಯಾಂಟುಗಳ ಗಂಟು ಹೊತ್ತವರು, ನಡುವೆ ಮಿರ್ಚಿ ಕರಿಯುವ ಬಾಣಲೆ. ಮನೆ ಚೊಕ್ಕವಾಗಿತ್ತು. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು, ಎಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಎಲ್ಲೆಗಳನ್ನು, ಟೇಪು ಹಿಡಿದು ತಾಳೆ ನೋಡುತ್ತ ಹೋದೆ. ಪೂರ್ವಕ್ಕೆ ರಸ್ತೆ, ಸರಿ. ಉತ್ತರಕ್ಕೆ ಪಕ್ಕದ ಮನೆಯ ಗೋಡೆ, ಸರಿ. ದಕ್ಷಿಣಕ್ಕೆ ಹಿತ್ತಿಲಿಗೆ ಹೋಗುವ ಸಂದಿ, ಸರಿ. ಪಶ್ಚಿಮದ ಎಲ್ಲೆ ಹಿತ್ತಿಲಿನ ಕೋಣೆಯ ಆಚೆ ಇತ್ತು. ಆ ಕೋಣೆಯೊಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

ಅಣ್ಣ ಬಾಗಿಲ ಹೊರಗೆ ನಿಂತರು. ಚಪ್ಪಲಿ ಕಳಚಿದರು. ಕೆಮ್ಮಿದರು. "ಬರ್ಲೇನವ್ವಾ? ಜೋಡಿ ವಕೀಲ್ರು ಬಂದಾರ" ಎಂದರು.

ಯಂತ್ರದ ಸದ್ದು ನಿಂತಿತು. "ಬರ್ರಿ ಭಾಯ್" ಎಂದು ಒಳಗಿನಿಂದ ಉತ್ತರ ಬಂದ ಮೇಲೆಯೇ ಅವರು ಹೊಸ್ತಿಲು ದಾಟಿದರು. ಒಳಗೆ ಹೋದವರು ಕುರ್ಚಿ ಎಳೆದುಕೊಂಡು ಕೂರಲಿಲ್ಲ. ತಂಗಿ ತೋರಿಸಿದ ಸ್ಟೂಲಿನ ತುದಿಯಲ್ಲಿ ಕೂತರು, ಆಕೆ ಕೊಟ್ಟ ನೀರು ಕುಡಿದರು. ತನ್ನ ಮನೆ ಎಂದು ಮಾರಲು ಹೊರಟ ಮನುಷ್ಯ ಆ ಮನೆಯ ಒಂದು ಕೋಣೆಯಲ್ಲಿ ನೆಂಟನ ಹಾಗೆ ಕೂತಿದ್ದರು. 

ಹೊರಗೆ ಸಂದಿಗೆ ಬಂದ ಮೇಲೆ ಕೇಳಿದೆ, "ಮನಿ ಮಾರಿದ ಮ್ಯಾಲೆ ತಂಗಿಯವರು ಎಲ್ಲಿ ಇರ್ತಾರ್ರಿ?"

ಅಣ್ಣ ನನ್ನನ್ನು ಅರ್ಥವಾಗದವರಂತೆ ನೋಡಿದರು. "ಎಲ್ಲಿ ಅಂದ್ರ? ಆಕಿ ಮನಿಯಾಗ. ಇಲ್ಲೇ."

"ಮನಿ ಮಾರಾಕತ್ತೀರಲ್ಲ?"

"ಮುಂದಿನ ಮನಿ ಮಾರಾಕತ್ತೀನ್ರಿ. ಈ ರೂಮು ಆಕೀದು. ಅಬ್ಬಾ ಬದುಕಿದ್ದಾಗ ಆಕಿಗೆ ಹಿಬಾ ಮಾಡಿಕೊಟ್ಟಾರ. ಅದನ್ನ ನಾ ಹೆಂಗ ಮಾರ್ಲಿ? ಗಲ್ಲಿ ಮಂದಿಗೆಲ್ಲಾ ಗೊತ್ತೈತಿ."

ಗಲ್ಲಿಗೆಲ್ಲ ಗೊತ್ತಿತ್ತು. ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ಹಿಬಾ ಎಂದರೆ ಮುಸಲ್ಮಾನರಲ್ಲಿ ದಾನ. ಕೊಡುವವನು ಕೊಟ್ಟೆ ಎನ್ನಬೇಕು, ತೆಗೆದುಕೊಳ್ಳುವವಳು ಒಪ್ಪಿದೆ ಎನ್ನಬೇಕು, ಸ್ವತ್ತನ್ನು ಅಲ್ಲೇ ಕೈಗೆ ಒಪ್ಪಿಸಬೇಕು. ಬಾಯಿಮಾತಿನಲ್ಲಿ ನಡೆದರೂ ಕಾನೂನು ಅದನ್ನು ಮಾನ್ಯ ಮಾಡುತ್ತದೆ, ನೋಂದಣಿ ಬೇಕಿಲ್ಲ. ಹಾಗಾಗಿ ಎಷ್ಟು ಋಣಭಾರ ಪತ್ರ ತೆಗೆಸಿದರೂ ಅದು ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ತಂಗಿ ಬರೆದುಕೊಟ್ಟ ಬಿಡುಗಡೆ ಪತ್ರಕ್ಕೆ ಪತ್ರಬರಹಗಾರ ಅಜ್ಜನ ಕ್ರಯಪತ್ರದ ಚಕ್ಕುಬಂದಿಯನ್ನೇ ಇದ್ದ ಹಾಗೆ ಇಳಿಸಿದ್ದ. ಆ ಎಲ್ಲೆಯೊಳಗೆ ಹಿತ್ತಿಲಿನ ಕೋಣೆಯೂ ಬಂದಿತ್ತು. ಆಕೆ ಮುಂದಿನ ಮನೆಯಲ್ಲಿನ ತನ್ನ ಪಾಲನ್ನಷ್ಟೇ ಬಿಟ್ಟುಕೊಟ್ಟೆ ಅಂದುಕೊಂಡಿದ್ದಳು. ಕೋಣೆ ಹೇಗೂ ತನ್ನದೇ, ಅದರ ಮಾತೇ ಇಲ್ಲಿ ಬರುವುದಿಲ್ಲ ಎಂದು ಅಣ್ಣತಂಗಿ ಇಬ್ಬರೂ ನಂಬಿದ್ದರು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಆದರೂ ಕಾಗದದ ಪ್ರಕಾರ ಆಕೆಗೆ ಆ ಕೋಣೆಯಲ್ಲಿ ಹಕ್ಕು ಉಳಿದಿರಲಿಲ್ಲ. ಅತ್ತ ಮಸ್ಕತ್ತಿನವಳು ವಿಡಿಯೋದಲ್ಲಿ ಆ ಕೋಣೆಯನ್ನೂ ನೋಡಿ, ಅಲ್ಲಿ ಬುದ್ಧನ ಮೂರ್ತಿ ಇಟ್ಟು ಓದುವ ಕೋಣೆ ಮಾಡಿಕೊಳ್ಳುತ್ತೇನೆ ಎಂದು ನನಗೆ ಹೇಳಿದ್ದಳು. ಒಂದೇ ಕೋಣೆಯಲ್ಲಿ ಇಬ್ಬರು ಹೆಂಗಸರು ಮನಸ್ಸಿನಲ್ಲೇ ಸಂಸಾರ ಹೂಡಿದ್ದರು.

ಬೆಂಗಳೂರಿನ ವಿಮಾ ಕಂಪನಿಯಲ್ಲಿ ಈ ಕಡತ ನೋಡಿಕೊಳ್ಳುವ ಯುವಕನಿಗೆ ಫೋನ್ ಮಾಡಿದೆ. ಆತ ಒಳ್ಳೆಯವನೇ, ಗಡಿಬಿಡಿ ಜಾಸ್ತಿ.

"ಮೇಡಂ, ಡಾಕ್ಯುಮೆಂಟ್ಸ್ ಎಲ್ಲಾ ಕ್ಲಿಯರ್ ಇದೆ ಅಂತ ನೀವೇ ಹೇಳ್ತಿದ್ದೀರಲ್ಲ. ಆಯಮ್ಮನೇ ರಿಲೀಸ್ ಮಾಡಿದ್ದಾರೆ. ಬಾಯಿಮಾತಿನ ದಾನ ಎಲ್ಲ ನಾವ್ಯಾಕೆ ತಲೆಗೆ ಹಚ್ಕೋಬೇಕು? ಕ್ಲಿಯರ್ ಅಂತ ಬರೆದುಬಿಡಿ, ಈ ವಾರವೇ ಪಾಲಿಸಿ ಕೊಡ್ತೀವಿ."

"ನಾಳೆ ಆಕೆ ಕೋರ್ಟಿಗೆ ಹೋದರೆ ಪಾಲಿಸಿ ದುಡ್ಡು ಕೊಡುತ್ತದೆಯೇ?"

ನೋಡಿ ಹೇಳುತ್ತೇನೆ ಎಂದ. ಪಾಲಿಸಿಯ ಕರಡು ನನ್ನ ಮುಂದೆಯೇ ಇತ್ತು. ಅದರಲ್ಲಿ ಸಣ್ಣ ಅಕ್ಷರದಲ್ಲಿ, ಸ್ವತ್ತಿನಲ್ಲಿ ವಾಸವಿದ್ದು ದಾಖಲೆಗಳಲ್ಲಿ ಕಾಣಿಸದವರ ಹಕ್ಕುಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ ಎಂದಿತ್ತು. ಎಂದರೆ, ಯಾವ ಅಪಾಯ ಕಣ್ಣೆದುರು ಕೂತು ಜೀನ್ಸ್ ಹೊಲಿಯುತ್ತಿತ್ತೋ ಅದೊಂದನ್ನು ಬಿಟ್ಟು ಉಳಿದ ಎಲ್ಲ ಅಪಾಯಗಳಿಗೂ ರಕ್ಷಣೆ ಇತ್ತು. ಜೊತೆಗಿದ್ದ ಮನೆ ವಿಮೆಯ ಕಥೆಯೂ ಅಷ್ಟೇ. ಬಹಳ ದಿನ ಬೀಗ ಹಾಕಿ ಖಾಲಿ ಬಿಟ್ಟ ಮನೆಗೆ ಹಾನಿಯಾದರೆ ಪರಿಹಾರವಿಲ್ಲ ಎಂದಿತ್ತು. ಹೊರದೇಶದಲ್ಲಿ ಇರುವವಳ ಮನೆ ಬೀಗ ಹಾಕದೆ ಇನ್ನು ಹೇಗಿರುತ್ತದೆ? ಕೊಡೆ ಕೊಟ್ಟು ಮಳೆಯಲ್ಲಿ ಬಿಚ್ಚಬೇಡ ಅಂದ ಹಾಗೆ.

ನನಗೆ ಅಂದು ಊಟ ಸೇರಲಿಲ್ಲ. ಕ್ಲಿಯರ್ ಎಂದು ಬರೆದರೆ ನನ್ನನ್ನು ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಕಾಗದ ನನ್ನ ಪರವಾಗಿತ್ತು. ಬರೆಯದಿದ್ದರೆ ವ್ಯವಹಾರ ಮುರಿಯಬಹುದು, ನರ್ಸಿಗೆ ಮನೆ ಇಲ್ಲ. ಬರೆದರೆ ಎಂದೋ ಒಂದು ದಿನ ಯಾರೋ ಬಂದು ಆ ಹೊಲಿಗೆ ಯಂತ್ರವನ್ನು ಗಲ್ಲಿಗೆ ಎತ್ತಿಡಬಹುದು, ಇಲ್ಲವೇ ನರ್ಸು ಜೀವಮಾನದ ದುಡಿಮೆ ಹಾಕಿದ ಮನೆಗಾಗಿ ಕೋರ್ಟಿನ ಮೆಟ್ಟಿಲು ಸವೆಸಬೇಕಾಗಬಹುದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ನಾನು ಬರೆದದ್ದು ಇಷ್ಟು: ಹಿತ್ತಿಲಿನ ಕೋಣೆ ಮಾರುವವರದಲ್ಲ, ಅದನ್ನು ಬಿಟ್ಟು, ಎಲ್ಲೆಗಳನ್ನು ಹೊಸದಾಗಿ ಬರೆದು ಬೇರೆ ಖಾತೆ ಮಾಡಿಸುವವರೆಗೆ ಮುಂದಿನ ಮನೆಯನ್ನು ಕೊಳ್ಳಬಾರದು. ಮತ್ತೆ ಮತ್ತೆ ಓದಿ, ಕಳಿಸುವ ಗುಂಡಿ ಒತ್ತಿದೆ.

ನರ್ಸಿನ ಫೋನು ತಕ್ಷಣ ಬಂತು. ಕೋಪ ಬಂದಾಗ ಆಕೆಯ ದನಿ ಏರುವುದಿಲ್ಲ, ಇಳಿಯುತ್ತದೆ.

"ಅಕ್ಕಾರ, ನಿಮ್ಮ ಕೆಲಸ ಮನಿ ಕೊಡಸೋದೋ, ಬಿಡಸೋದೋ?"

"ಉಳಿಯೋ ಮನಿ ಕೊಡಸೋದವ್ವಾ."

"ನಂಗ ಇನ್ನೊಂದು ಮನಿ ಹುಡುಕಾಕ ಆಗಂಗಿಲ್ಲರೀ. ಮತ್ತ ಅವರ ಕಟ್ಟಿ ಮ್ಯಾಲೆ ಕುಂತು ನಾ ಯಾರಂತ ಹೇಳಾಕ ಆಗಂಗಿಲ್ಲ. ನಿಮಗ ತಿಳಿಯಂಗಿಲ್ಲ ಬಿಡ್ರಿ."

ನಿಜ, ನನಗೆ ತಿಳಿಯುವುದಿಲ್ಲ. ನನ್ನನ್ನು ಯಾರೂ ಹಾಗೆ ಕೂರಿಸಿ ಕೇಳಿದ್ದಿಲ್ಲ. ನಾನು ಸಮಾಧಾನದ ಮಾತು ಹುಡುಕಲಿಲ್ಲ. ಕೋಣೆ ಇಲ್ಲದ ಮನೆ ಆದರೂ ನಡೆಯುತ್ತದೆಯೇ, ಅಷ್ಟು ಹೇಳು ಎಂದೆ.  "ಆಕಿ ಹೆಂಥಾಕಿ?" ಎಂದಳು. ಯಾರು ಎಂದೆ. "ಹಿಂದಿನ ರೂಮಿನಾಕಿ."

ಮರುದಿನ ನಾನು ಕುರುಗೋಡಿನ ದಾರಿ ಹಿಡಿದೆ. ಬಾದನಹಟ್ಟಿ ದಾಟುವಾಗ ಹೊಲಗಳಲ್ಲಿ ಮೆಣಸಿನಕಾಯಿ ಕೊಯ್ಲು ನಡೆದಿತ್ತು. ಬಸ್ಸಿನ ಅರ್ಧ ಮಂದಿ ಸೀನುತ್ತಿದ್ದರು. ಅಂಗಡಿಯಲ್ಲಿ ಅಣ್ಣನಿಗೆ ಬಿಡುಗಡೆ ಪತ್ರದ ಚಕ್ಕುಬಂದಿಯನ್ನು ಓದಿ ಅರ್ಥ ಹೇಳಿದೆ. ಅವರು ಕೈಯಲ್ಲಿದ್ದ ದಾರದ ರೀಲನ್ನು ಕೆಳಗಿಟ್ಟರು.

"ಅಂದ್ರ ನಾ ನನ್ನ ತಂಗಿ ರೂಮು ಕಸಗೊಂಡೀನಿ ಅಂತ ಬರದೈತೇನ್ರಿ?"

"ಹಂಗ ಅರ್ಥ ಆಗತೈತಿ."

"ತೋಬಾ ತೋಬಾ. ಅದರಾಗ ನನ್ನ ಸಹಿ ಐತಲ್ರಿ!" ಅವರ ಮುಖ ನೋಡಲಾಗಲಿಲ್ಲ. ಆ ಕ್ಷಣವೇ ಏನು ಬೇಕಾದರೂ ಬರೆದುಕೊಡುತ್ತೇನೆ ಎಂದರು. ಅವರ ಮಾತು ಸಾಕಾಗುತ್ತಿರಲಿಲ್ಲ. ಹಿಬಾ ನಡೆದಾಗ ಎದುರಿಗಿದ್ದ ಸಾಕ್ಷಿ ಬೇಕಿತ್ತು. ಅವರ ತಂದೆಯ ಅಕ್ಕ, ಮನೆಮಂದಿ ಫುಪ್ಪಿ ಎಂದು ಕರೆಯುವ ಮುದುಕಿ, ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಹುಷಾರಿಲ್ಲವಂತೆ. ಆ ಮಾತು ಕೇಳಿದ್ದೇ ನನ್ನ ಹೆದರಿಕೆ ದುಪ್ಪಟ್ಟಾಯಿತು. ನಾನು ಆ ಕಾಣದ ಮುದುಕಿಯ ಆರೋಗ್ಯಕ್ಕಾಗಿ ದಾರಿಯುದ್ದಕ್ಕೂ ಹರಕೆ ಹೊತ್ತೆ. ವಕೀಲರ ಭಕ್ತಿ ಎಲ್ಲ ಇಂಥದೇ.

ಸಿರುಗುಪ್ಪದಲ್ಲಿ ಫುಪ್ಪಿ ಹಾಸಿಗೆಯಲ್ಲಿ ಒರಗಿ ಅಕ್ಕಿ ಆರಿಸುತ್ತಿದ್ದರು. ಬರೀ ಮಂಡಿನೋವು. ನನಗೆ ಕುಣಿಯಬೇಕೆನಿಸಿತು.

"ಹೇಳ್ತೀನಿ ಕುಂದ್ರವ್ವಾ" ಎಂದು ಅವರು ಶುರು ಮಾಡಿದರು. "ಹುಡುಗಿ ಗಂಡನ ಮನಿ ಬಿಟ್ಟು ಬಂದ್ಲು. ನನ್ನ ತಮ್ಮ ಆ ರೂಮಿನಾಗ ಮಲಗತಿದ್ದ. ಒಂದು ಶುಕ್ರವಾರ ನಮ್ಮನ್ನೆಲ್ಲಾ ಕರದ. ತನ್ನ ಮಂಚ ತಾನ ಹೊರಗ ಎಳದ. ಮಗ ಹಿಡಿಯಾಕ ಹೋದ್ರ ಬ್ಯಾಡ ಅಂದ. ಹಾಸಿಗಿ, ಹುಕ್ಕಾ, ಕೋಟು ಎಲ್ಲಾ ಹೊರಗ ತಂದಿಟ್ಟ. ಆಮ್ಯಾಲೆ ಬೀಗದ ಕೈ ಮಗಳ ಕೈಯಾಗ ಇಟ್ಟು, ಈ ರೂಮು ನಿನಗ ಕೊಟ್ಟೀನಿ ಅಂದ. ಆಕಿ, ತಗೊಂಡೀನಿ ಅಬ್ಬಾ ಅಂದ್ಲು. ಅವತ್ತಿನಿಂದ ಸಾಯೋತನಾ ಆತ ಕೇಳದ ಆ ಬಾಗಲಾ ದಾಟಿಲ್ಲ ನೋಡವ್ವಾ. ಕೊಟ್ಟ ಮ್ಯಾಲೆ ಕೊಟ್ಟಂಗ ಇರಬೇಕಲ್ಲ?"

ಕಾನೂನಿನ ಪುಸ್ತಕದಲ್ಲಿ ಸ್ವಾಧೀನ ಒಪ್ಪಿಸುವುದು ಎಂದು ಒಂದು ಸಾಲಿರುತ್ತದೆ. ಮಂಚವನ್ನು ತಾನೇ ಎಳೆದು ಹೊರಗೆ ಹಾಕಿದ ಆ ಮನುಷ್ಯನನ್ನು ನಾನು ನೋಡಿಲ್ಲ, ಆದರೆ ಆತನ ಮೇಲೆ ನನಗೆ ಅಂದು ಬಹಳ ಗೌರವ ಬಂತು. ಫುಪ್ಪಿಯ ಹೇಳಿಕೆಯನ್ನು ಪ್ರಮಾಣಪತ್ರವಾಗಿ ಬರೆಸಿ, ಅವರಿಗೆ ಓದಿ ಹೇಳಿ, ಅಲ್ಲಿಯ ನೋಟರಿಯನ್ನು ಮನೆಗೇ ಕರೆಸಿ ಸಹಿ ಮಾಡಿಸಿದೆ. ಊಟ ಮಾಡದೆ ಹೋಗಲು ಫುಪ್ಪಿ ಬಿಡಲಿಲ್ಲ.

ನಂತರದ ಕೆಲಸವೆಲ್ಲ ಕಾಯುವುದು. ಹಿಬಾ ನಡೆದದ್ದು ನಿಜ, ಬಿಡುಗಡೆ ಪತ್ರಕ್ಕೆ ಕೋಣೆ ಸೇರುವುದಿಲ್ಲ ಎಂದು ಅಣ್ಣ ಘೋಷಣಾ ಪತ್ರ ನೋಂದಣಿ ಮಾಡಿಸಿದರು. ಅದರ ಆಧಾರದ ಮೇಲೆ ಒಂದು ಖಾತೆಯನ್ನು ಎರಡು ಮಾಡಲು ಪಾಲಿಕೆಗೆ ಅರ್ಜಿ ಕೊಟ್ಟೆವು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಬಸುರಿ ನಡೆದ ಹಾಗೆ ನಡೆಯಿತು. ಅಳತೆಗೆ ಬಂದವರು ಸಂದಿಯನ್ನು ಯಾರ ಪಾಲಿಗೆ ಹಾಕಲಿ ಎಂದರು. ಕೋಣೆಗೆ ಹೋಗಲು ಅದೊಂದೇ ದಾರಿ. ನಲ್ಲಿಯ ಪೈಪು ಮುಂದಿನ ಮನೆಯ ಕೆಳಗಿನಿಂದ ಬರುತ್ತಿತ್ತು, ಕರೆಂಟಿನ ಮೀಟರು ಒಂದೇ ಇತ್ತು. ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆಯದಿದ್ದರೆ ಮುಂದಿನ ಮನೆಯವಳೂ ಹಿಂದಿನ ಕೋಣೆಯವಳೂ ನಾಳೆ ನೀರಿಗಾಗಿ ಜುಟ್ಟು ಹಿಡಿಯುತ್ತಾರೆ. ನರ್ಸಿನ ರಜೆ ಹತ್ತಿರ ಬರುತ್ತಿತ್ತು. ನಾನು ಪಾಲಿಕೆಗೆ ಹೋಗದ ದಿನ ಅಲ್ಲಿಯ ಜವಾನ, "ಯಾಕ ಮೇಡಂ, ಆರಾಮಿಲ್ಲೇನು?" ಎಂದು ವಿಚಾರಿಸುವಷ್ಟು ಬಳಕೆಯಾಯಿತು.

ಖಾತೆ ಎರಡಾಗಿ ಕೈಗೆ ಬಂತು. ಉಸಿರು ಬಿಡುವಷ್ಟರಲ್ಲಿ ಬೆಂಗಳೂರಿನ ಯುವಕ ಒಂದು ನಮೂನೆ ಕಳಿಸಿದ. ವಾಸವಿರುವವರ ಹಕ್ಕಿನ ಷರತ್ತನ್ನು ಪಾಲಿಸಿಯಿಂದ ತೆಗೆಯಬೇಕಾದರೆ, ತಂಗಿಯೂ ಕ್ರಯಪತ್ರದಲ್ಲಿ ಒಪ್ಪಿಗೆದಾರಳಾಗಿ ಸಹಿ ಹಾಕಬೇಕು. ಹಾಕಬೇಕಾದ ವಾಕ್ಯ ಅವರದೇ: "ಸದರಿ ಸ್ವತ್ತಿನಲ್ಲಿ ನನಗೆ ಯಾವುದೇ ಹಕ್ಕು, ಹಿತಾಸಕ್ತಿ ಇರುವುದಿಲ್ಲ."

ನಾನು ಅದನ್ನು ಕೋಣೆಯಲ್ಲಿ ಆಕೆಗೆ ಓದಿ ಹೇಳಿದೆ. ಆಕೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಇಲ್ಲ ವಕೀಲಮ್ಮ. ಹಾಕಂಗಿಲ್ಲ."

"ಇದು ಮುಂದಿನ ಮನಿಗೆ ಮಾತ್ರ ಆಪಾ" ಎಂದೆ. ಅಕ್ಕ ಎನ್ನುವ ಅರ್ಥದಲ್ಲಿ ಗಲ್ಲಿಯವರು ಆಕೆಯನ್ನು ಹಾಗೇ ಕರೆಯುತ್ತಿದ್ದರು.

"ಹಿಂದಕ್ಕೂ ಹಂಗ ಅಂದ್ರು. ಗಂಡನ ಮನ್ಯಾಗ ಯಾವುದೇ ಹಕ್ಕಿಲ್ಲ ಅಂತ ಬರಸಿಗೊಂಡ್ರು, ಬಟ್ಟಿ ಗಂಟು ಹೊತಗೊಂಡು ಬಂದೆ. ಆಮ್ಯಾಲೆ ಭಾಯಿಗೆ ಬರಕೊಟ್ಟೆ, ಯಾವುದೇ ಹಕ್ಕಿಲ್ಲ ಅಂತ. ಅದರಾಗ ನನ್ನ ರೂಮು ಹೋಗಿತ್ತು ಅಂತ ನೀವ ಬಂದು ಹೇಳಿದ್ರಿ. ಆ ಮಾತಿಗೆ ನಾ ಎಲ್ಲೆಲ್ಲಿ ಸಹಿ ಹಾಕೀನೋ ಅಲ್ಲೆಲ್ಲಾ ನನ್ನನ್ನ ಹೊರಗ ಹಾಕೈತಿ. ಇನ್ನ ಸಾಕು."

ನಾನು ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಆಕೆ ಹೇಳಿದ್ದರಲ್ಲಿ ಒಂದಕ್ಷರ ತಳ್ಳಿಹಾಕುವಂತಿರಲಿಲ್ಲ.

ಅದೇ ವಾರ ನರ್ಸು ಬಂದಳು. ವಿಮಾನದ ಆಯಾಸ ಆರುವ ಮುಂಚೆಯೇ ಕೌಲ್ ಬಜಾರಿಗೆ ಕರೆದುಕೊಂಡು ಹೋಗಿ ಎಂದಳು. ಕೋಣೆಯ ಬಾಗಿಲಲ್ಲಿ ನಿಂತವಳೇ, "ನಾವು ಬೌದ್ಧರು" ಎಂದಳು. ಇತ್ತೀಚೆಗೆ ಎಲ್ಲಿ ಹೋದರೂ ಅದನ್ನೇ ಮೊದಲು ಹೇಳಿ ಎದುರಿನವರ ಮುಖ ನೋಡುವುದು ಆಕೆಯ ರೂಢಿಯಾಗಿತ್ತು.

"ನಾವು ಮುಸಲ್ಮಾನರು" ಎಂದಳು ಹಿಂದಿನ ಕೋಣೆಯವಳು. "ಚಾ ಕುಡಿತೀಯಲ್ಲ?"

ಚಹಾ ಕುಡಿದರು. ನಾನು ಉಗುರು ಕಚ್ಚುತ್ತ ಕೂತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಕದ್ದು ಕದ್ದು ನೋಡುತ್ತಿದ್ದರು. ನರ್ಸು ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ತನ್ನದಾಗಬೇಕಿದ್ದ ಕಿಟಕಿಯ ಮೇಲೆ ಆಕೆಯ ಕಣ್ಣು ಸ್ವಲ್ಪ ಹೊತ್ತು ನಿಂತದ್ದು ನನಗೆ ಕಂಡಿತು. ನೋವಾಯಿತು ಆಕೆಗೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ನೀ ದೂರ ಇರ್ತೀ" ಎಂದಳು ಹಿಂದಿನ ಕೋಣೆಯವಳು. "ನಾಳಿ ಯಾರಿಗರ ಮಾರಿದ್ರ, ಅವರು ಬಂದು ನಲ್ಲಿ ಬಂದ್ ಮಾಡಿದ್ರ, ನಾ ಯಾರನ್ನ ಕೇಳ್ಲಿ?"

"ನಲ್ಲಿ, ದಾರಿ, ಎಲ್ಲಾ ನನ್ನ ಕಾಗದದಾಗ ಬರಸ್ತೀನಿ ಆಪಾ. ನಾ ಮಾರಿದ್ರೂ ತಗೊಂಡವರು ಅದನ್ನ ಮುರಿಯಾಕ ಬರಂಗಿಲ್ಲ. ಅಲ್ಲೇನ್ರಿ ಅಕ್ಕಾರ?" ಹೌದು ಎಂದು ನಾನು ತಲೆಯಾಡಿಸಿದೆ. "ನನಗೂ ಒಂದು ಹೆದರಿಕಿ ಐತಿ ಆಪಾ. ನಾಳಿ ನಿಮಗ ಮನಸು ಬದಲಾಗಿ, ಮುಂದಿನ ಮನ್ಯಾಗೂ ನಂದು ಪಾಲೈತಿ ಅಂತ ನೀವು ಅಂದ್ರ? ನಾ ಅಲ್ಲಿಂದ ಓಡಿ ಬರಾಕ ಆಗಂಗಿಲ್ಲ."

 ಇಬ್ಬರೂ ಹೆದರಿದ್ದು ಕೆಟ್ಟವರಿಗಲ್ಲ, ಒಬ್ಬರಿಗೊಬ್ಬರು. ಆಗ ನನಗೆ ಹೊಳೆಯಿತು, ಆ ಕಂಪನಿಯ ವಾಕ್ಯ ಆಕೆಯದು ಏನಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಏನು ಆಕೆಯದು ಎಂಬುದನ್ನು ಹೇಳುವುದಿಲ್ಲ. ಚೀಲದಿಂದ ಕಾಗದ ತೆಗೆದು ಬೇರೆ ವಾಕ್ಯ ಬರೆದೆ: ಹಿತ್ತಿಲಿನ ಕೋಣೆ, ಅದಕ್ಕೆ ಹೋಗುವ ದಾರಿ ಮತ್ತು ನೀರು ನನ್ನದು, ಅದರ ಮುಂದಿನ ಮನೆ ಕೊಳ್ಳುವವರದು. ಕಂಪನಿ ಒಪ್ಪುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಆ ಹೆಂಗಸಿನ ಬಾಯಲ್ಲಿ ಇನ್ನೊಮ್ಮೆ "ಯಾವುದೇ ಹಕ್ಕಿಲ್ಲ" ಎಂದು ಹೇಳಿಸುವುದಿಲ್ಲ ಎಂದು ನಾನು ಅಲ್ಲೇ ನಿರ್ಧರಿಸಿದೆ. ಓದಿ ಹೇಳಿದೆ. ಹಿಂದಿನ ಕೋಣೆಯವಳು, "ನೋಡೂಣು" ಎಂದಳು, ಅಷ್ಟೇ. ಬರುತ್ತೇನೆ ಎನ್ನಲಿಲ್ಲ.

ಬೆಂಗಳೂರಿನ ಯುವಕ ತಲೆ ಕೆರೆದುಕೊಂಡ. "ಫಾರ್ಮ್ಯಾಟ್ ಬದಲಾದ್ರೆ ಹೆಡ್ ಆಫೀಸಿಗೆ ಹೋಗುತ್ತೆ ಮೇಡಂ. ಟೈಮ್ ಹಿಡಿಯುತ್ತೆ. ಪ್ರಾಮಿಸ್ ಮಾಡಕ್ಕಾಗಲ್ಲ." ಅವರ ಒಪ್ಪಿಗೆ ಬಂದದ್ದು ನರ್ಸು ಮಸ್ಕತ್ತಿಗೆ ಮರಳಿ ಎಷ್ಟೋ ದಿನದ ಮೇಲೆ. ನೋಂದಣಿಯ ದಿನ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ವಿಮೆ ಇಲ್ಲದೆ ಕೊಳ್ಳುವುದೋ, ರಜೆ ಮುಗಿಸಿ ಬರಿಗೈಯಲ್ಲಿ ಹೋಗುವುದೋ ನೀನೇ ಹೇಳು ಎಂದು ನರ್ಸನ್ನು ಕೇಳಿದೆ. ನನ್ನ ಸಲಹೆ ಏನು ಎಂದು ಕೇಳಿದಳು. ಕಾಯುವುದು ಎಂದೆ. "ನೀವು ಹಂಗ ಹೇಳ್ತೀರಂತ ಗೊತ್ತಿತ್ತು" ಎಂದು ನಕ್ಕು, "ಮಾಡಸ್ರಿ" ಎಂದಳು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಳಿಗ್ಗೆಯಿಂದ ಸರ್ವರ್ ಡೌನ್. ಬೆಂಚಿನ ಮೇಲೆ ನರ್ಸು, ಅಣ್ಣ, ನಾನು. ಮರುದಿನ ಆಕೆಯ ವಿಮಾನ. ಹಿಂದಿನ ಕೋಣೆಯವಳ ಸುಳಿವಿಲ್ಲ. ಅಣ್ಣ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅವರು ಎದ್ದು ಕರೆದುಕೊಂಡು ಬರಲು ಹೊರಟರು. ನಾನು ತಡೆದೆ. ಕೈಹಿಡಿದು ಎಳೆತಂದ ಸಹಿ ನನಗೆ ಬೇಡವಾಗಿತ್ತು.  ಸರ್ವರ್ ಬಂತೆಂದು ಯಾರೋ ಕೂಗಿದರು. ಜನ ಎದ್ದರು. ನಮ್ಮ ಸರದಿ ಹತ್ತಿರ ಬಂದಂತೆ ನಾನು ಬಾಗಿಲ ಕಡೆ ನೋಡುವುದನ್ನೇ ಬಿಟ್ಟೆ, ನೋಡಿದರೆ ಇನ್ನೂ ಹೆದರಿಕೆ.

ನಮ್ಮ ಹೆಸರು ಕೂಗುವ ಹೊತ್ತಿಗೆ ಆಕೆ ಬಂದಳು. ಬುರ್ಖಾದ ತೋಳಿಗೆ ನೀಲಿ ದಾರದ ತುಣುಕುಗಳು ಅಂಟಿದ್ದವು. ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. 

ಅಧಿಕಾರಿ ಪತ್ರದ ಮೇಲೆ ಕಣ್ಣಾಡಿಸಿ, ಮಾರುವವರನ್ನು ಕೇಳಿದರು, ಕೊಳ್ಳುವವಳನ್ನು ಕೇಳಿದರು. ಆಮೇಲೆ ತಲೆಯೆತ್ತಿ, "ಒಪ್ಪಿಗೆದಾರರು ಯಾರು? ಇದರಲ್ಲಿ ಬರೆದಿರೋದು ಗೊತ್ತಿದೆಯಾ? ಒಪ್ಪಿ ಸಹಿ ಹಾಕ್ತಿದ್ದೀರಾ?" ಎಂದರು.

ಆಕೆ ಪತ್ರವನ್ನೇ ನೋಡುತ್ತಿದ್ದಳು. ಹೌದು ಎಂದರೆ ಸಾಕಿತ್ತು. ದಿನವೂ ನೂರು ಮಂದಿ ಹೌದು ಎನ್ನುವ ಜಾಗ ಅದು. ನಾನು ಬಾಯಿ ಹಾಕುವಂತಿರಲಿಲ್ಲ. ಅಣ್ಣ ನೆಲ ನೋಡುತ್ತಿದ್ದರು. ನರ್ಸಿನ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಅಧಿಕಾರಿ ಬೇಸರದಿಂದ ಮತ್ತೊಮ್ಮೆ ಕೇಳಿದರು, "ಏನಮ್ಮಾ, ಈ ಸ್ವತ್ತು ಯಾರದು?"

"ಹಿಂದಿನ ರೂಮು ನಂದ್ರೀ" ಎಂದಳು ಆಕೆ. ಕಚೇರಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಎಂದಳು. ಆಮೇಲೆ ನರ್ಸಿನ ಹೆಗಲ ಮೇಲೆ ಕೈ ಇಟ್ಟಳು.

"ಮುಂದಿನ ಮನಿ ಈಕೀದು. ಈಕಿ ಬರೋತನಾ ನಾ ಅದೀನಿ."